ಪಿಳ್ಳಪ್ಪನ ಕಿವಿಯ ಗಾಳಿ

ನಲ್ಲಿಯಲ್ಲಿ ನೀರು ಬಂದ ದಿನ ಪಿಳ್ಳಪ್ಪನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಬರದ ದಿನ ನೋಡಬೇಕು. ಬೆಳಿಗ್ಗೆ ಏಳಕ್ಕೆಲ್ಲ ಊರಿನ ಅರ್ಧ ಜನ ಅವನ ಹೆಸರು ಹಿಡಿದು ಜಗ್ಗಾಡುತ್ತಿರುತ್ತಾರೆ. ಇಪ್ಪತ್ತಾರು ವರ್ಷ ನೀರು ಬಿಟ್ಟ ಮನುಷ್ಯನನ್ನು ನಿಲ್ಲಿಸಿ ‘ಟೀ ಕುಡಿದ್ಯೇನಪ್ಪಾ’ ಅಂತ ಕೇಳಿದವರು ಎಷ್ಟು ಮಂದಿ ಎಂದರೆ ಒಂದು ಕೈಯ ಬೆರಳೂ ಪೂರ್ತಿ ಮಡಚಬೇಕಾಗಿಲ್ಲ. ಊರಿನವರ ಮೇಲೆ ಸಿಟ್ಟು ಬರುವುದು ಇದಕ್ಕೇ. ಪಿಳ್ಳಪ್ಪನಿಗೆ ಮಾತ್ರ ಬರುವುದಿಲ್ಲ, ಅದು ಅವನ ಸ್ವಭಾವ.

ಊರು ಜಡಿಗೇನಹಳ್ಳಿಗೆ ಮೂರು ಮೈಲಿ. ಪಂಚಾಯ್ತಿ ಕಾಗದದಲ್ಲಿ ಅವನು ವಾಟರ್‌ಮನ್, ಹಳಬರ ಬಾಯಲ್ಲಿ ನೀರುಗಂಟಿ, ಮಿಕ್ಕವರಿಗೆ ನೀರು ಬಿಡೋ ಪಿಳ್ಳಪ್ಪ. ವಯಸ್ಸು ಐವತ್ತೇಳು. ಬೆಳಗಿನ ಜಾವ ಐದೂವರೆಗೆ ಸೈಕಲ್ ಹತ್ತಿ ಹೊರಡುತ್ತಾನೆ. ಡಾಂಬರು ರಸ್ತೆಯಲ್ಲಿ ಎರಡು ಕಿಲೋಮೀಟರ್ ಹೋದರೆ ಹುಣಸೇಮರದ ತಿರುವು. ಅಲ್ಲಿಂದ ಬಲಕ್ಕೆ ಕೆರೆ ಏರಿ. ಏರಿ ದಾಟಿದರೆ ಬೋರ್‌ವೆಲ್. ಮೋಟರು ಹಾಕಿ, ಪೈಪು ಬಂದ ದಾರಿಯಲ್ಲೇ ಊರಿಗೆ ವಾಪಸು ಬಂದು, ಬೀದಿಬೀದಿಯ ವಾಲ್ವು ತಿರುಗಿಸಬೇಕು. ಮೇಲಿನ ಬೀದಿಗೆ ಇವತ್ತು, ಕೆಳಗಿನ ಬೀದಿಗೆ ನಾಳೆ.

ಈ ಕೆಲಸಕ್ಕೆ ಕಣ್ಣಿಗಿಂತ ಕಿವಿ ಮುಖ್ಯ. ಪೈಪು ರಸ್ತೆಯ ಅಂಚಿನ ಮಣ್ಣಲ್ಲಿ ಹೂತಿದೆ. ಒಡೆದರೆ ನೀರು ಮೇಲಕ್ಕೆ ಬರುವುದಿಲ್ಲ, ಒಳಗೊಳಗೇ ಹರಿದು ಹೊಂಗೆ ಪೊದೆಯೊಳಗೆ ಇಂಗಿಹೋಗುತ್ತದೆ. ಕಾಣುವುದಿಲ್ಲ, ಕೇಳಿಸುತ್ತದೆ. ಸುಯ್ಯ್ ಅಂತ ಸಣ್ಣಗೆ. ಸೈಕಲ್ ಮೇಲೆ ಹೋಗುತ್ತಲೇ ಪಿಳ್ಳಪ್ಪ ಅದನ್ನು ಹಿಡಿಯುತ್ತಿದ್ದ. ಸಂದೇಹ ಬಂದರೆ ಇಳಿದು, ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯನ್ನು ನೆಲಕ್ಕೆ ಊರಿ, ಅದರ ತುದಿಗೆ ಕಿವಿ ಹಚ್ಚಿ, ‘ಇಲ್ಲೇ ಅಗೀರಪ್ಪ’ ಅನ್ನುತ್ತಿದ್ದ. ಅಗೆದರೆ ಅಲ್ಲೇ ಇರುತ್ತಿತ್ತು.

ಸೈಕಲ್ಲಿನ ಹಿಂದಿನ ಕ್ಯಾರಿಯರ್ ಮಾರಕ್ಕನದು. ಮಾರಕ್ಕ ಅವನ ಹೆಂಡತಿ. ಬೋರ್‌ವೆಲ್ ಪಕ್ಕದ ರೋಜಾ ತೋಟಕ್ಕೆ ಹೂ ಕೊಯ್ಯಲು ಹೋಗುತ್ತಿದ್ದಳು. ಇಬ್ಬರದೂ ಒಂದೇ ದಾರಿ, ಒಂದೇ ಹೊತ್ತು. ಹತ್ತೊಂಬತ್ತು ವರ್ಷ ಅವಳು ಆ ಕ್ಯಾರಿಯರ್ ಮೇಲೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತು ಹೋದಳು. ಕಂಬಿ ಒತ್ತುತ್ತದೆ ಅಂತ ತವರಿನಿಂದ ತಂದ ಹಳೇ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ದಬ್ಬಳದಲ್ಲಿ ಹೊಲಿದು, ಕ್ಯಾರಿಯರಿಗೆ ಬಿಗಿದುಕೊಂಡಿದ್ದಳು. ಮಕ್ಕಳಾಗಲಿಲ್ಲ. ಆ ಮಾತನ್ನು ಇಬ್ಬರೂ ಎಂದೋ ಆಡಿ ಮುಗಿಸಿದ್ದರು. ಉಳಿದ ಮಾತೆಲ್ಲ ಸೈಕಲ್ ಮೇಲೆ.

ಮಾತು ಅಂದರೆ ಮಾರಕ್ಕ ಹೇಳುವುದು, ಪಿಳ್ಳಪ್ಪ ‘ಏನಂದೆ?’ ಅನ್ನುವುದು. ಕೆರೆ ಕಡೆಯಿಂದ ಬೀಸುವ ಮೂಡಗಾಳಿ ಎದುರಿಗೆ ನುಗ್ಗಿ ಬಂದು ಅವನ ಎರಡೂ ಕಿವಿ ತುಂಬಿಕೊಳ್ಳುತ್ತಿತ್ತು. ಅವಳು ಬಾವನ ಮಗಳ ಮದುವೆ ಮಾತು ಎತ್ತಿರುತ್ತಾಳೆ, ಇವನಿಗೆ ಹುಣಸೇಹಣ್ಣಿನ ಮಾತು ಕೇಳಿಸಿರುತ್ತದೆ.

“ಅಯ್ಯೋ ನನ್ ಕಿವುಡಪ್ಪ! ಕತ್ತು ವಸಿ ವಾರೆ ಮಾಡು, ಕೇಳಿಸ್ತದೆ.”

ಅವನು ಕತ್ತು ಸ್ವಲ್ಪ ಓರೆ ಮಾಡುತ್ತಿದ್ದ. ನಿಜ, ಕೇಳಿಸುತ್ತಿತ್ತು. ಅವಳ ಕಡೆ ಕಿವಿ ತಿರುಗಿತಲ್ಲ, ಅದಕ್ಕೆ ಕೇಳಿಸಿತು ಅಂತ ಅವನ ಲೆಕ್ಕ. ಹಿಂದಿನಿಂದ ಗಾಡಿ ಬಂದರೆ ಅದನ್ನು ನೋಡುವ ಜವಾಬ್ದಾರಿಯೂ ಅವಳದೇ. ಬೆನ್ನಿಗೆ ಒಂದು ಬೆರಳು ತಿವಿದು “ಸೈಡೂ” ಅನ್ನುತ್ತಿದ್ದಳು, ಕೊನೆಯ ಅಕ್ಷರವನ್ನು ಎಳೆದು, ಅವನೇನೋ ದಾರಿಗಡ್ಡ ನಿಂತ ಎಮ್ಮೆ ಎಂಬಂತೆ. ಪಿಳ್ಳಪ್ಪ ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಹಿಂದೆ ತಿರುಗಿ ನೋಡಿದವನಲ್ಲ.

ಮೂರು ವರ್ಷದ ಹಿಂದೆ ಮಾರಕ್ಕ ಹೊಟ್ಟೆನೋವು ಅಂತ ಮಲಗಿದವಳು ಎಂಟನೇ ದಿನಕ್ಕೆ ಹೋಗಿಬಿಟ್ಟಳು. ಹದಿಮೂರನೇ ದಿನ ಕಳೆದ ಮೇಲೆ ಪಿಳ್ಳಪ್ಪ ಎಂದಿನಂತೆ ಐದೂವರೆಗೆ ಸೈಕಲ್ ಹತ್ತಿದ. ಕ್ಯಾರಿಯರ್ ಮೇಲಿನ ಕಂಬಳಿ ಬಿಚ್ಚಲಿಲ್ಲ. ಕೀಲಿಯನ್ನು ಅಡ್ಡದ ಕಂಬಿಗೇ ಕಟ್ಟಿಕೊಂಡ, ಕಂಬಳಿ ಮೇಲೆ ಏನನ್ನೂ ಇಡಲಿಲ್ಲ, ಯಾರನ್ನೂ ಕೂರಿಸಲಿಲ್ಲ.

ಅವತ್ತು ಹುಣಸೇಮರದ ಹತ್ತಿರ ಎದುರುಗಾಳಿ ಕಿವಿಗೆ ಬಡಿದಾಗ ಬಾಯಿಂದ ತಾನಾಗಿಯೇ ಬಂತು: “ಏನಂದೆ?”

ಅಂದ ಮೇಲೆ ನಾಚಿಕೆಯಾಯಿತು. ಆದರೆ ಮರುದಿನವೂ ಅಂದ. ಅದಕ್ಕೊಂದು ಕಾರಣವಿತ್ತು, ಅದನ್ನು ಅವನು ಯಾರಿಗೂ ಹೇಳಲಿಲ್ಲ. ಮನೆಯೊಳಗೆ ಇದ್ದಾಗ ಮಾರಕ್ಕ ಇಲ್ಲ ಅನ್ನುವುದು ಸ್ಪಷ್ಟ. ಒಲೆ ಸುಮ್ಮನಿರುತ್ತದೆ, ಬಾಗಿಲು ಸುಮ್ಮನಿರುತ್ತದೆ, ಲೋಟ ಇಟ್ಟರೆ ಇಟ್ಟ ಸದ್ದು ಮೂಲೆಮೂಲೆಗೂ ಹೋಗಿ ಬರುತ್ತದೆ. ಸೈಕಲ್ ಮೇಲೆ ಹಾಗಲ್ಲ. ಗಾಳಿ ಜೋರಾಗಿರುವಷ್ಟು ಹೊತ್ತು, ಹಿಂದೆ ಯಾರೂ ಮಾತಾಡುತ್ತಿಲ್ಲ ಅಂತ ಆಣೆ ಇಟ್ಟು ಹೇಳಲು ಬರುವುದಿಲ್ಲ. ಅವಳು ಏನೋ ಹೇಳುತ್ತಿರಬಹುದು, ಎಂದಿನಂತೆ ಗಾಳಿಯಲ್ಲಿ ಕೇಳಿಸದೆ ಇರಬಹುದು. ಹುಚ್ಚು ಅಂದರೆ ಅನ್ನಲಿ. ದಿನಕ್ಕೆ ಆ ಕಾಲು ಗಂಟೆ ಪಿಳ್ಳಪ್ಪ ಒಂಟಿ ಆಗಿರುತ್ತಿರಲಿಲ್ಲ.

ಅಷ್ಟರಲ್ಲಿ ರಸ್ತೆ ಬದಲಾಯಿತು. ಹೊಸಕೋಟೆ ಕಡೆಯಿಂದ ಗೋಡೌನುಗಳು ಒಂದೊಂದೇ ಮುಂದಕ್ಕೆ ಬಂದು, ರಾಗಿ ಬೆಳೆಯುತ್ತಿದ್ದ ಕಡೆಯೆಲ್ಲ ತಗಡಿನ ಮಾಡು ಎದ್ದಿತು. ಟಿಪ್ಪರ್, ಕಂಟೇನರ್ ಲಾರಿ ಬಂದವು. ಅವಾದರೂ ವಾಸಿ, ಗುಡುಗುತ್ತಾ ಬರುತ್ತವೆ. ಈಗ ಬಂದಿರುವ ಬ್ಯಾಟರಿ ಆಟೋಗಳಿಗೆ ಬಾಯಿಯೇ ಇಲ್ಲ. ಸಾಮಾನು ತುಂಬಿಕೊಂಡು ಬೆಕ್ಕಿನ ಹಾಗೆ ಬಂದು ಪಕ್ಕದಲ್ಲೇ ಹಾಯ್ದುಹೋಗುತ್ತವೆ.

ಕಾರ್ತಿಕದ ಕೊನೆಯಲ್ಲಿ ಅಂಥದ್ದೊಂದು ಆಟೋ ಪಿಳ್ಳಪ್ಪನ ಹ್ಯಾಂಡಲ್ಲಿಗೆ ತಗುಲಿತು. ಅವನು ಸೈಕಲ್ ಸಮೇತ ಹೊಂಗೆ ಪೊದೆಗೆ ಹೋಗಿ ಬಿದ್ದ. ಮಣಿಕಟ್ಟು ಊದಿತು, ಮಂಡಿ ತರಚಿತು. ಆಟೋದವನು ಇಳಿದು ಬಂದು, “ಅಷ್ಟೊಂದ್ ಹಾರ್ನ್ ಹೊಡ್ದೆ ಯಜಮಾನ್ರೆ, ಕಿವಿ ಕೇಳ್ಸಲ್ವಾ?” ಅಂದ. ಹೊಡೆದಿದ್ದೇ ನಿಜ. ಹಿಂದೆ ದೊಡ್ಡ ಲಾರಿಯಲ್ಲಿದ್ದವರೂ ಅದನ್ನೇ ಹೇಳಿದರು. ಪಿಳ್ಳಪ್ಪನಿಗೆ ಕೇಳಿಸಿದ್ದು ಗಾಳಿ ಒಂದೇ.

ಸುದ್ದಿ ಪಂಚಾಯ್ತಿಗೆ ಹೋಯಿತು. ಅಭಿವೃದ್ಧಿ ಅಧಿಕಾರಿ ಮೂರ್ತಿ ಕೆಟ್ಟವನಲ್ಲ. ಕುರ್ಚಿ ಹಾಕಿಸಿ ಕೂರಿಸಿ, ನೀರು ಕೊಟ್ಟು ಮಾತಾಡಿದ.

“ನೋಡಿ ಪಿಳ್ಳಪ್ಪ, ಇನ್ನೊಂದ್ಸಲ ಹಿಂಗಾದ್ರೆ ನಾನು ಉತ್ತರ ಕೊಡಬೇಕಾಗುತ್ತೆ. ನಮ್ಮ ಪಂಚಾಯ್ತಿ ಹುಡುಗ ಅನಿಲ್‌ಕುಮಾರ್ ಇದಾನೆ, ಬೈಕ್ ಇಟ್ಕೊಂಡಿದಾನೆ. ಬೋರ್‌ವೆಲ್ ರೌಂಡ್ ಅವನಿಗೆ ವಹಿಸ್ಬಿಡ್ತೀನಿ. ನೀವು ಊರೊಳಗೆ ಟ್ಯಾಂಕ್ ಹತ್ರ ನೆರಳಲ್ಲಿ ಕೂತ್ಕೊಂಡು ವಾಲ್ವ್ ನೋಡ್ಕೊಳ್ಳಿ. ಏನಂತೀರಿ?”

“ಇನ್ನೊಂದ್ಸಲ ಆಗಲ್ಲ ಸಾ” ಅಂದ ಪಿಳ್ಳಪ್ಪ. ಕುರ್ಚಿಯಿಂದ ಎದ್ದು ಕೈ ಮುಗಿದ. ಕೆಲಸ ಹೋಗುವ ಭಯ ಅಂತ ಮೂರ್ತಿ ತಿಳಿದ. ಕೆಲಸ ಎಲ್ಲಿ ಹೋಗುತ್ತಿತ್ತು? ಹೋಗುತ್ತಿದ್ದದ್ದು ಆ ರಸ್ತೆ, ಆ ಏರಿ, ಬೆನ್ನ ಹಿಂದಿನ ಆ ಕಾಲು ಗಂಟೆ. ಟ್ಯಾಂಕಿನ ನೆರಳಲ್ಲಿ ಗಾಳಿ ಬೀಸುವುದಿಲ್ಲ.

ಗಾಳಿಗೆ ಏನು ಮಾಡುವುದು ಅಂತ ಪಿಳ್ಳಪ್ಪ ಯೋಚಿಸಿದ. ನಮ್ಮ ಕಡೆಯ ಯಾವ ಮನುಷ್ಯನಾದರೂ ಮಾಡುವುದನ್ನೇ ಮಾಡಿದ. ಧನುರ್ಮಾಸ ಹುಟ್ಟಿತ್ತು, ತಂಡಿ ಬಡಿಯಬಾರದು ಅಂತ ಊರಿನವರೆಲ್ಲ ಕಿವಿಗೆ ಹತ್ತಿ ಇಟ್ಟುಕೊಂಡೇ ಓಡಾಡುತ್ತಿದ್ದರು. ಅವನೂ ದೇವರ ಗೂಡಿನಿಂದ ಬತ್ತಿಯ ಹತ್ತಿ ತೆಗೆದು, ಉಂಡೆ ಮಾಡಿ, ಎರಡೂ ಕಿವಿಗೆ ಗಿಡಿದ. ಗಾಳಿ ಒಳಗೆ ಹೋಗದಿದ್ದರೆ ಮಿಕ್ಕಿದ್ದು ಕೇಳಿಸಬೇಕಲ್ಲ, ಅದು ಅವನ ತರ್ಕ.

ಗಾಳಿಯೇನೋ ನಿಂತಿತು. ಅದರ ಜೊತೆ ಲೋಕವೂ ನಿಂತಿತು. ಲಾರಿ ಪಕ್ಕಕ್ಕೆ ಬಂದ ಮೇಲೆ ಅದರ ಚಕ್ರ ಕಂಡು ಬೆಚ್ಚುವುದು, ಬಲಗಡೆ ಏನಿದೆಯೋ ಅಂತ ಪದೇ ಪದೇ ತಿರುಗಿ ನೋಡುವುದು, ತಿರುಗಿದಾಗ ಸೈಕಲ್ ವಾಲುವುದು. ಅಭ್ಯಾಸವಾದರೆ ಸರಿಹೋಗುತ್ತದೆ ಅಂತ ನಾಲ್ಕು ದಿನ ಹಾಗೇ ತುಳಿದ.

ಐದನೇ ದಿನ ಕೆಳಗಿನ ಬೀದಿಗೆ ನೀರು ಬರಲಿಲ್ಲ. ಮೋಟರು ಓಡುತ್ತಿದೆ, ವಾಲ್ವು ಪೂರ್ತಿ ತೆರೆದಿದೆ, ನಲ್ಲಿಯಲ್ಲಿ ಬರೀ ಉಸಿರು. ಮರುದಿನ ಮೇಲಿನ ಬೀದಿಗೂ ಬರಲಿಲ್ಲ. ಕೊನೆಗೆ ದನ ಮೇಯಿಸಲು ಹೋದವರು ಹುಣಸೇಮರದ ಹತ್ತಿರ ಹೊಂಗೆ ಪೊದೆಯಲ್ಲಿ ಕೆಸರು ತುಳಿದು ಬಂದು ಹೇಳಿದರು. ಪೈಪು ಬಿರುಕು ಬಿಟ್ಟು ಸೋರತೊಡಗಿ ನಾಲ್ಕು ದಿನವಾಗಿತ್ತು. ಆ ನಾಲ್ಕು ದಿನವೂ ಪಿಳ್ಳಪ್ಪ ಹೋಗುತ್ತಾ ಒಂದು ಸಲ, ಬರುತ್ತಾ ಒಂದು ಸಲ ಅದರ ಪಕ್ಕದಲ್ಲೇ ಹಾದುಹೋಗಿದ್ದ.

ಕೆಳಗಿನ ಬೀದಿಯ ಕೊನೇ ಮನೆ ಅಶ್ವತ್ಥಮ್ಮನದು. ಎಪ್ಪತ್ತು ದಾಟಿದ ಹೆಂಗಸು, ಒಬ್ಬಳೇ ಇರುವವಳು. ಎರಡು ದಿನ ಮೇಲಿನ ಬೀದಿಯ ಕೈಪಂಪಿನಿಂದ ಬಿಂದಿಗೆ ಹೊತ್ತು ಸೊಂಟ ಹಿಡಿದುಕೊಂಡಿತ್ತು. ಪಿಳ್ಳಪ್ಪ ಅವಳ ಬಾಗಿಲಿಗೆ ಹೋಗಿ ತಲೆ ತಗ್ಗಿಸಿ ನಿಂತ. ಅವಳು ಏನೋ ಬೈದಳು. ಅವನಿಗೆ ಸರಿಯಾಗಿ ಕೇಳಿಸಲಿಲ್ಲ. ಅಶ್ವತ್ಥಮ್ಮ ಹತ್ತಿರ ಬಂದು ಅವನ ಕಿವಿ ನೋಡಿದಳು. ಬೆರಳು ಹಾಕಿ ಹತ್ತಿ ಕಿತ್ತು ಅಂಗಳಕ್ಕೆ ಎಸೆದಳು.

“ಲೋ ಪಿಳ್ಳಪ್ಪ, ನೀರು ಬಿಡೋನು ಕಿವಿ ಮುಚ್ಕೊಂಡ್ರೆ ಊರೋರ ಗತಿ ಏನಾಗ್ಬೇಕೋ? ಮಾರಕ್ಕ ಇದ್ದಿದ್ರೆ ನಿನ್ ಕಿವಿ ಹಿಂಡ್ತಿದ್ಲು ಕಣೋ.”

“ಗಾಳಿ ಅಕ್ಕ. ಗಾಳಿಲಿ ಏನೂ ಕೇಳ್ಸಲ್ಲ.”

“ಮತ್ತೆ ಅವ್ಳ ಮಾತು ಅಷ್ಟು ವರ್ಷ ಹೆಂಗ್ ಕೇಳಿಸ್ಕೊಂಡೆ?”

ಬೈಗುಳ ಅವನು ನಿರೀಕ್ಷಿಸಿದ್ದ, ಈ ಪ್ರಶ್ನೆ ನಿರೀಕ್ಷಿಸಿರಲಿಲ್ಲ. ಮನೆಗೆ ಹೋದ ಮೇಲೂ ಅದು ಬಿಡಲಿಲ್ಲ.

ಮಾರನೇ ದಿನ ಹತ್ತಿ ಇಲ್ಲದೆ ಹೊರಟ. ಹುಣಸೇಮರದ ಹತ್ತಿರ ಗಾಳಿ ನುಗ್ಗಿತು. “ಏನಂದೆ?” ಅಂದ. ಅಂದು, ರೂಢಿಯಂತೆ ಕತ್ತು ವಸಿ ವಾರೆ ಮಾಡಿದ. ಒಂದು ಕಿವಿಯ ಗಾಳಿ ತಟ್ಟನೆ ತಗ್ಗಿತು. ಆ ಸಂದಿಯಲ್ಲಿ ದೂರದಲ್ಲೊಂದು ಲಾರಿ ಗೇರು ಬದಲಿಸಿದ್ದು ನಿಚ್ಚಳವಾಗಿ ಕೇಳಿತು. ನೇರ ನೋಡಿದ, ಭೋರ್ ಅಂತು. ಓರೆ ಮಾಡಿದ, ತಗ್ಗಿತು. ಹಾಗಾದರೆ ಮಾರಕ್ಕನ ಕಡೆಗೆ ಕಿವಿ ತಿರುಗಿದ್ದಕ್ಕಲ್ಲ ಅವಳ ಮಾತು ಕೇಳುತ್ತಿದ್ದದ್ದು! ಗಾಳಿ ಕಿವಿಯ ಅಂಚಿಗೆ ಅಡ್ಡಬಡಿದು ತಾನೇ ಸದ್ದು ಮಾಡುತ್ತಿತ್ತು. ನಲ್ಲಿ ಅರ್ಧ ತಿರುಗಿಸಿದರೆ ಹೇಗೆ ಕೂಗುತ್ತದೋ ಹಾಗೆ. ನೀರಿನವನಿಗೆ ಇದು ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಕತ್ತು ಓರೆ ಇಟ್ಟುಕೊಂಡು ಸೈಕಲ್ ತುಳಿಯಲು ಆಗುವುದಿಲ್ಲ, ಒಂದು ಸಲ ಚರಂಡಿಯ ಅಂಚಿಗೆ ಹೋಗಿ ಬಂದ. ಒಂದು ಕೈ ಬಿಟ್ಟು, ಕಿವಿಯ ತೂತು ಮುಚ್ಚದೆ, ಕಿವಿಯ ಮುಂದೆ ಕೆನ್ನೆಯ ಮೇಲೆ ಅಂಗೈ ಅಡ್ಡ ಹಿಡಿದ. ಗಾಳಿ ಕೈಗೆ ತಾಗಿ ಮುರಿಯಿತು, ಸದ್ದೆಲ್ಲ ಕೇಳಿತು. ಅಂದರೆ ಕಿವಿಯೊಳಗೆ ತುರುಕಬಾರದು, ಕಿವಿಯ ಮುಂದೆ ಏನಾದರೂ ಇಡಬೇಕು. ಇಷ್ಟಕ್ಕೆ ಬಂದು ನಿಂತಿತು.

ಒಂದು ವಾರ ಅದೇ ಧ್ಯಾನ. ಟವೆಲ್ಲಿನ ಅಂಚು ಇಳಿಬಿಟ್ಟ, ಅದು ಪಟಪಟ ಹೊಡೆದುಕೊಂಡು ಗಾಳಿಗಿಂತ ಹೆಚ್ಚು ಗಲಾಟೆ ಮಾಡಿತು. ರಟ್ಟು ಕಟ್ಟಿದ, ಶಿಳ್ಳೆ ಹಾಕಿತು. ಹತ್ತಿ ಅಂಟಿಸಿದ, ಹಾರಿಹೋಯಿತು. ಮೆತ್ತಗಿರಬೇಕು, ಒರಟೂ ಇರಬೇಕು, ಮೈತುಂಬ ಕೂದಲಿರಬೇಕು. ಅಂಥದ್ದು ಎಲ್ಲಿದೆ ಅಂತ ಅವನಿಗೆ ಎರಡನೇ ದಿನವೇ ಗೊತ್ತಿತ್ತು. ದಿನಾ ಸೈಕಲ್ ಸ್ಟ್ಯಾಂಡ್ ಹಾಕುವಾಗ ಕೈ ಅದಕ್ಕೇ ತಾಗುತ್ತಿತ್ತು, ತಾಗಿದ ಕೂಡಲೇ ತೆಗೆದುಬಿಡುತ್ತಿದ್ದ.

ಊರಲ್ಲಿ ಬೇರೆ ಕಂಬಳಿ ಇರಲಿಲ್ಲವೇ ಅಂತ ಯಾರಾದರೂ ಕೇಳಬಹುದು. ಇತ್ತು, ಕೇಳಿದ್ದರೆ ನಾಲ್ಕು ಮನೆಯವರು ಕೊಡುತ್ತಿದ್ದರು. ಆದರೆ ಹಿಂದಿನಿಂದ ಬರುವ ಗಾಡಿಯನ್ನು ಹತ್ತೊಂಬತ್ತು ವರ್ಷ ಹೇಳುತ್ತಾ ಬಂದವಳು ಆ ಕಂಬಳಿ ಮೇಲೆ ಕೂತವಳು. ಬೇರೆಯವರ ಕಂಬಳಿ ಕಿವಿಗೆ ಕಟ್ಟಿಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ, ಇದನ್ನು ಕತ್ತರಿಸಲು ಧೈರ್ಯ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ಕೂತು ಕಂಬಳಿ ಬಿಚ್ಚಿದ. ಮಾರಕ್ಕನ ಹೊಲಿಗೆ ಗೋಣಿಚೀಲದ ಹೊಲಿಗೆಯಂತೆ ದಪ್ಪಗೆ, ಬಿಗಿಯಾಗಿತ್ತು. ಒಂದೊಂದೇ ಬಿಡಿಸಿದ. ಮೇಲಿನ ಮಡಿಕೆ ಅವಳು ಕೂತು ಕೂತು ಸವೆದು, ಕೂದಲುದುರಿ ಬೋಳಾಗಿತ್ತು. ಒಳಮಡಿಕೆ ಮಾತ್ರ ಹೊಸದರಂತೆ ಕಪ್ಪಗೆ, ಜುಂಗುಜುಂಗಾಗಿ ಇತ್ತು. ಪಿಳ್ಳಪ್ಪ ಅದನ್ನು ಮೂಗಿಗೆ ಹಿಡಿದ. ಉಣ್ಣೆಯ ವಾಸನೆ, ಧೂಳಿನ ವಾಸನೆ. ಬೇರೆ ಇನ್ನೇನೋ ಇರುತ್ತದೆ ಅಂದುಕೊಂಡಿದ್ದ, ಇರಲಿಲ್ಲ. ಅವನು ಅಳುತ್ತಲೇ ಒಳಮಡಿಕೆಯಿಂದ ಎರಡು ಬೆರಳಗಲದ ಎರಡು ತುಂಡು ಕತ್ತರಿಸಿಕೊಂಡು, ಉಳಿದದ್ದನ್ನು ಮತ್ತೆ ಮಡಿಸಿ, ಅವಳ ಹೊಲಿಗೆಯ ತೂತುಗಳಲ್ಲೇ ದಬ್ಬಳ ಹಾಯಿಸಿ ಹೊಲಿದ. ಹೊರಗಿನಿಂದ ನೋಡಿದರೆ ಏನೂ ಕಾಣದಂತೆ ಮಾಡಿದ.

ತುಂಡುಗಳನ್ನು ಹಳೇ ಪೈಜಾಮದ ಲಾಡಿಗೆ ಹೊಲಿದ. ಲಾಡಿಯನ್ನು ನೆತ್ತಿಯಿಂದ ಇಳಿಸಿ ಗದ್ದದ ಕೆಳಗೆ ಗಂಟು ಹಾಕಿದರೆ ಎರಡೂ ತುಂಡು ಕಿವಿಯ ತೂತು ಬಿಟ್ಟು ಅದರ ಮುಂದೆ ಸರಿಯಾಗಿ ಕೂರುತ್ತಿದ್ದವು. ಕನ್ನಡಿ ನೋಡಿಕೊಂಡ. ಚೆನ್ನಾಗಿ ಕಾಣಲಿಲ್ಲ.

ಬೆಳಿಗ್ಗೆ ಡೈರಿ ಮುಂದೆ ಅನಿಲ್‌ಕುಮಾರ್ ಬೈಕ್ ನಿಲ್ಲಿಸಿಕೊಂಡಿದ್ದ. “ಏನ್ ಪಿಳ್ಳಪ್ಪಣ್ಣ, ಸಂಕ್ರಾಂತಿ ಎತ್ತಿಗೆ ಗೊಂಡೆ ಕಟ್ದಂಗೆ ಕಟ್ಕೊಂಡಿದ್ದೀಯ! ಕಿಚ್ಚು ಹಾಯೋಕೆ ಹೊಂಟ್ಯಾ?” ಅಂದ. ಹಾಲಿನ ಕ್ಯೂನಲ್ಲಿದ್ದವರೆಲ್ಲ ನಕ್ಕರು. ಪಿಳ್ಳಪ್ಪನೂ ನಕ್ಕು ಮುಂದೆ ಹೋದ.

ರಸ್ತೆಗೆ ಬಂದ. ಮೂಡಗಾಳಿ ಎದುರಿಗೇ ಇತ್ತು, ಮುಖಕ್ಕೆ ತಣ್ಣಗೆ ಬಡಿಯುತ್ತಿತ್ತು, ಆದರೆ ಕಿವಿಯಲ್ಲಿ ಬರೀ ಸಣ್ಣ ಸುಳಿ. ಅದರಾಚೆಗೆ ಎಲ್ಲವೂ ಕೇಳಿಸಿತು. ಸೈಕಲ್ಲಿನ ಚೈನು, ದೂರದ ದೇವಸ್ಥಾನದ ಧನುರ್ಮಾಸದ ಹಾಡು, ಯಾರದೋ ಹಟ್ಟಿಯಲ್ಲಿ ಹಾಲು ಕರೆಯುವ ಸದ್ದು. ಹೊಸದಾಗಿ ಸೇರಿಸಿದ ಪೈಪಿನಲ್ಲಿ ನೀರಿನ್ನೂ ಇಲ್ಲ, ಮೋಟರು ಹಾಕಿ ವಾಪಸು ಬರುವಾಗ ಸುಯ್ಯ್ ಅಂದರೆ ಇನ್ನು ಕಿವಿ ತಪ್ಪುವುದಿಲ್ಲ. ಆಮೇಲೆ ಹಿಂದಿನಿಂದ ಡಾಂಬರಿನ ಮೇಲೆ ಟೈರು ಉರುಳುವ ಸದ್ದು. ಬ್ಯಾಟರಿ ಆಟೋ, ಇನ್ನೂ ಇಪ್ಪತ್ತು ಮಾರು ದೂರದಲ್ಲಿದೆ.

“ಸೈಡೂ” ಅಂದ ಪಿಳ್ಳಪ್ಪ, ತನಗೆ ತಾನೇ, ಕೊನೆಯ ಅಕ್ಷರ ಎಳೆದು. ಎಡಕ್ಕೆ ಸರಿದ. ಆಟೋ ಹಾಯ್ದುಹೋಯಿತು.

ಅದು ಹೋದ ಮೇಲೆ ಇನ್ನೊಂದು ಸದ್ದು ಕೇಳಿಸಿತು. ಕಟಕಟ, ಕಟಕಟ. ಮೊದಲು ಗೊತ್ತಾಗಲಿಲ್ಲ. ಮೇಲೆ ಭಾರವಿಲ್ಲದ ಕ್ಯಾರಿಯರ್ ಪ್ರತಿ ಗುಂಡಿಗೂ ಕುಣಿಯುತ್ತಿತ್ತು. ಮೂರು ವರ್ಷದಿಂದ ಹಾಗೇ ಕುಣಿಯುತ್ತಿದ್ದಿರಬೇಕು. ಹಿಂದೆ ಬೇರೆ ಯಾವ ಸದ್ದೂ ಇರಲಿಲ್ಲ. ಯಾರೂ ಏನೂ ಹೇಳುತ್ತಿರಲಿಲ್ಲ. ಮಾರಕ್ಕ ಸತ್ತದ್ದು ಅವನಿಗೆ ಗೊತ್ತಿತ್ತು, ಮಣ್ಣು ಹಾಕಿದವನೇ ಅವನು. ಆದರೂ ಆ ರಸ್ತೆಯಲ್ಲಿ ಅವಳು ಸತ್ತದ್ದು ಅವತ್ತೇ.

ಅವನು ನಿಲ್ಲಲಿಲ್ಲ. ಮೋಟರು ಹಾಕುವ ಹೊತ್ತಾಗಿತ್ತು, ಕೆಳಗಿನ ಬೀದಿಯ ಸರದಿ, ಅಶ್ವತ್ಥಮ್ಮ ಬಿಂದಿಗೆ ಇಟ್ಟುಕೊಂಡು ಕಾಯುತ್ತಿರುತ್ತಾಳೆ. ಹುಣಸೇಮರ ಬಂತು. ಅಲ್ಲಿಯವರೆಗೆ ಒಂದು ಸಲವೂ “ಏನಂದೆ” ಅನ್ನಲಿಲ್ಲ.

ಬಲಕ್ಕೆ ತಿರುಗಿದರೆ ಕೆರೆ ಏರಿ. ಏರಿ ಕುಸಿಯಬಾರದು ಅಂತ ಪಂಚಾಯ್ತಿಯವರು ಎರಡೂ ಕೊನೆಗೆ ಕಲ್ಲು ನೆಟ್ಟಿದ್ದಾರೆ. ಸೈಕಲ್ಲೋ ಬೈಕೋ ತೂರುತ್ತದೆ, ಲಾರಿ, ಆಟೋ ಬರುವುದಿಲ್ಲ. ಉದ್ದ ಎಷ್ಟು, ಎರಡು ಫರ್ಲಾಂಗು.

ಪಿಳ್ಳಪ್ಪ ಕಲ್ಲಿನ ಹತ್ತಿರ ಒಂದು ಕಾಲು ಊರಿದ. ಹಿಂದೆ ನೋಡಿದ, ಮುಂದೆ ನೋಡಿದ. ಗದ್ದದ ಕೆಳಗಿನ ಗಂಟು ಬಿಚ್ಚಿ, ಲಾಡಿ ಸುತ್ತಿ, ಕಂಬಳಿ ತುಂಡುಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ ಜೋರಾಗಿ ತುಳಿದ. ಕೆರೆಯ ಮೇಲಿನಿಂದ ಗಾಳಿ ನುಗ್ಗಿ ಬಂದು ಎರಡೂ ಕಿವಿ ತುಂಬಿಕೊಂಡಿತು. ಚೈನಿನ ಸದ್ದು ಹೋಯಿತು, ಕ್ಯಾರಿಯರಿನ ಕಟಕಟ ಹೋಯಿತು.

“ಏನಂದೆ?” ಅಂದ ಪಿಳ್ಳಪ್ಪ. ಕತ್ತು ಮಾತ್ರ ವಾರೆ ಮಾಡಲಿಲ್ಲ.